ಅಂಕ ಹಾಕುವವರೇ ಆಟಕ್ಕಿಳಿದಾಗ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಚೀನಾದ ಎಷ್ಟೋ ಹೈಸ್ಕೂಲುಗಳ ಮೈದಾನದಲ್ಲಿ ನಂಬಲು ಕಷ್ಟವಾಗುವ ನೋಟ ಕಾಣುತ್ತದೆ. ಇನ್ನು ಹತ್ತು ದಿನದಲ್ಲಿ ಬದುಕಿನ ದಾರಿಯನ್ನೇ ತೀರ್ಮಾನಿಸುವ ಪರೀಕ್ಷೆಗೆ ಕೂರಬೇಕಾದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ಕಾಲಿಗೆ ಬಲೂನು ಕಟ್ಟಿಕೊಂಡು ಒಬ್ಬರ ಬಲೂನನ್ನು ಇನ್ನೊಬ್ಬರು ತುಳಿದು ಒಡೆಯುತ್ತಿರುತ್ತಾರೆ. ಒಂದು ಕಡೆ ಹಗ್ಗಜಗ್ಗಾಟ. ಇನ್ನೊಂದು ಕಡೆ ಇಬ್ಬರು ಉದ್ದದ ಹಗ್ಗ ತಿರುಗಿಸುತ್ತಿದ್ದರೆ ಹತ್ತು ಹನ್ನೆರಡು ಮಂದಿ ಒಟ್ಟಿಗೇ ಜಿಗಿಯುತ್ತಾರೆ. ಅಲ್ಲಿನ ಶಿಶುವಿಹಾರದ ಮಕ್ಕಳೂ ಆಡುವ ಆಟವೊಂದಿದೆ. ಒಬ್ಬರು ತಾಯಿಕೋಳಿ, ಅವರ ಹಿಂದೆ ಸೊಂಟ ಹಿಡಿದು ಸಾಲಾಗಿ ನಿಂತವರು ಮರಿಗಳು, ಎದುರಿಗಿರುವವರು ಹದ್ದು. ಕೊನೆಯ ಮರಿ ಹದ್ದಿನ ಕೈಗೆ ಸಿಗದಂತೆ ಕೋಳಿ ಅಡ್ಡ ನಿಲ್ಲಬೇಕು. ಈ ಆಟದಲ್ಲಿ ಏದುಸಿರು ಬಿಡುತ್ತ ಹದ್ದಾಗಿ ಓಡಾಡುವವರು ಕೆಲವೊಮ್ಮೆ ಆ ತರಗತಿಯ ಗಣಿತದ ಮೇಷ್ಟ್ರೇ ಆಗಿರುತ್ತಾರೆ.

ಅಲ್ಲಿನ ಸ್ಥಳೀಯ ಪತ್ರಿಕೆಗಳು ವರ್ಷ ವರ್ಷವೂ ಇಂಥ ಫೋಟೊ ಹಾಕುತ್ತವೆ. ನೋಡಿದವರಲ್ಲಿ ಕೆಲವರಿಗೆ ‘ಈ ಹೊತ್ತಿನಲ್ಲಿ ಆಟವೇ?’ ಎನಿಸಿದರೆ, ಮಿಕ್ಕವರಿಗೆ ‘ನಮ್ಮಲ್ಲೂ ಹೀಗೆ ಮಾಡಬಾರದೇ?’ ಎನಿಸುತ್ತದೆ. ಎರಡೂ ಸ್ವಲ್ಪ ಅವಸರದ ಮಾತು. ಆಟದಿಂದ ಪರೀಕ್ಷೆಯ ಒತ್ತಡ ಇಳಿಯುವುದು ನಿಜ. ಆದರೆ ಅದು ಯಾಕೆ ಇಳಿಯುತ್ತದೆ, ಯಾವ ಆಟದಿಂದ ಇಳಿಯುವುದಿಲ್ಲ, ಮೇಷ್ಟ್ರು ಹದ್ದಾಗುವುದಕ್ಕೂ ಪಕ್ಕದಲ್ಲಿ ನಿಂತು ಸೀಟಿ ಊದುವುದಕ್ಕೂ ಏನು ವ್ಯತ್ಯಾಸ ಎಂಬುದನ್ನು ನಿಧಾನವಾಗಿ ನೋಡಬೇಕು.

ಮೊದಲು ಆ ಪರೀಕ್ಷೆಯ ಭಾರ ತಿಳಿಯಲಿ. ಅದರ ಹೆಸರು ಗಾವೊಕಾವೊ. ಕಾಲೇಜು ಪ್ರವೇಶಕ್ಕೆ ಇಡೀ ದೇಶದಲ್ಲಿ ಪ್ರತಿವರ್ಷ ಜೂನ್ 7ರಂದು ಶುರುವಾಗುತ್ತದೆ. ಕೆಲವು ಪ್ರಾಂತಗಳಲ್ಲಿ ಎರಡು ದಿನ, ಕೆಲವೆಡೆ ಮೂರು ನಾಲ್ಕು ದಿನ. ಮೊದಲು ಜುಲೈನಲ್ಲಿ ನಡೆಯುತ್ತಿತ್ತು. ಆ ತಿಂಗಳ ಸೆಕೆ, ನೆರೆಗಳ ಕಾಟ ತಪ್ಪಲೆಂದು 2003ರಿಂದ ಜೂನ್‌ಗೆ ತಂದರು. 2024ರಲ್ಲಿ 1 ಕೋಟಿ 34 ಲಕ್ಷ ಮಂದಿ ಹೆಸರು ನೋಂದಾಯಿಸಿದ್ದರು. ಹೆನಾನ್ ಎಂಬ ಒಂದೇ ಪ್ರಾಂತದಿಂದ 13 ಲಕ್ಷಕ್ಕೂ ಮೇಲೆ. ಬಹುತೇಕ ಕಡೆ ಒಟ್ಟು 750 ಅಂಕ: ಚೀನೀ ಭಾಷೆ, ಗಣಿತ, ವಿದೇಶಿ ಭಾಷೆಗೆ ತಲಾ 150, ಮಿಕ್ಕ ವಿಷಯಗಳಿಗೆಲ್ಲ ಸೇರಿ 300. ಆ ದಿನಗಳಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ ಕಟ್ಟಡ ಕೆಲಸ ನಿಲ್ಲುತ್ತದೆ, ತಡವಾದ ಮಕ್ಕಳನ್ನು ಪೊಲೀಸರು ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಬಿಟ್ಟು ಬರುತ್ತಾರೆ. ಊರಿಗೆ ಊರೇ ಉಸಿರು ಬಿಗಿಹಿಡಿದಿರುತ್ತದೆ.

ಈ ಭಯಭಕ್ತಿಗೆ ಒಂದು ಚರಿತ್ರೆಯಿದೆ. ಸಾಂಸ್ಕೃತಿಕ ಕ್ರಾಂತಿ ಶುರುವಾದ 1966ರಲ್ಲಿ ಗಾವೊಕಾವೊ ನಿಂತುಹೋಯಿತು. ಓದಬೇಕಾದ ಪ್ರಾಯದ ಲಕ್ಷಾಂತರ ಮಂದಿ ಹಳ್ಳಿಗಳಿಗೆ, ಕಾರ್ಖಾನೆಗಳಿಗೆ ಹೋದರು. 1977ರ ಚಳಿಗಾಲದಲ್ಲಿ ಮತ್ತೆ ಆರಂಭವಾದಾಗ ಸುಮಾರು 57 ಲಕ್ಷ ಮಂದಿ ಬರೆದರು, 2 ಲಕ್ಷ 70 ಸಾವಿರದಷ್ಟು ಮಂದಿಗೆ ಮಾತ್ರ ಸೀಟು ಸಿಕ್ಕಿತು. ನೂರಕ್ಕೆ ಐದು ಮಂದಿಯೂ ಅಲ್ಲ. ಹೊಲದಲ್ಲಿ ದುಡಿಯುತ್ತಿದ್ದವನು ಒಂದು ಪರೀಕ್ಷೆ ಬರೆದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಆ ವರ್ಷದ ನೆನಪು ಇಂದಿನ ಅಜ್ಜ ಅಜ್ಜಿಯರಲ್ಲಿ ಇನ್ನೂ ಹಸಿಯಾಗಿದೆ. ಈಗ ಯಾವುದೋ ಒಂದು ಕಾಲೇಜು ಸೇರುವುದು ಅಷ್ಟೇನೂ ಕಷ್ಟವಲ್ಲ. ಆದರೆ ಎಲ್ಲರ ಕಣ್ಣೂ ‘985 ಯೋಜನೆ’ಯಡಿ ಸರ್ಕಾರ ಹೆಚ್ಚು ಹಣ ಕೊಟ್ಟು ಬೆಳೆಸಿದ 39 ವಿಶ್ವವಿದ್ಯಾಲಯಗಳ ಮೇಲೆ. ಸೀಟು ಹೆಚ್ಚಿದರೂ ಆತಂಕ ಕಡಿಮೆಯಾಗದಿರುವುದು ಹೀಗೆ.

ಹೈಸ್ಕೂಲಿನ ಕೊನೆಯ ವರ್ಷ ಹೊಸ ಪಾಠ ಹೆಚ್ಚೇನೂ ಇರುವುದಿಲ್ಲ. ಹಿಂದಿನ ಎರಡು ವರ್ಷಗಳಲ್ಲೇ ಅದನ್ನು ಮುಗಿಸಿರುತ್ತಾರೆ. ಉಳಿದದ್ದು ಪುನರಾವರ್ತನೆ, ಪರೀಕ್ಷೆ, ಮತ್ತೆ ಪುನರಾವರ್ತನೆ. ಗೋಡೆಯ ಮೇಲೆ ಇನ್ನೆಷ್ಟು ದಿನ ಉಳಿದಿದೆ ಎಂದು ಪ್ರತಿದಿನ ಬದಲಾಗುವ ಅಂಕಿ. ನೂರು ದಿನ ಬಾಕಿ ಇರುವಾಗ ಇಡೀ ತರಗತಿ ಮೈದಾನದಲ್ಲಿ ಸಾಲಾಗಿ ನಿಂತು ಮುಷ್ಟಿ ಎತ್ತಿ ಪ್ರತಿಜ್ಞೆ ಮಾಡುವ ಸಮಾರಂಭ. ಹೆಬೈ ಪ್ರಾಂತದ ಹೆಂಗ್‌ಶುಯ್ ಹೈಸ್ಕೂಲು ಈ ಶಿಸ್ತಿಗೆ ದೇಶಕ್ಕೆಲ್ಲ ಹೆಸರಾದದ್ದು. ಅಲ್ಲಿ ಮಕ್ಕಳು ದಿನವೂ ಓಡುತ್ತಾರೆ. ಆದರೆ ಓಟ ಶುರುವಾಗುವ ಮುಂಚೆ ಸಾಲಿನಲ್ಲಿ ನಿಂತ ಅಷ್ಟು ಹೊತ್ತೂ ಕೈಯಲ್ಲಿ ಟಿಪ್ಪಣಿಯ ಚೀಟಿ ಹಿಡಿದು ಗಟ್ಟಿಯಾಗಿ ಓದುತ್ತಿರುತ್ತಾರೆ. ಓಡುವಾಗ ಮುಂದಿನವನ ಬೆನ್ನಿಗೆ ಹಿಂದಿನವನ ಎದೆ ತಾಗುವಷ್ಟು ಒತ್ತಾಗಿ, ಒಂದೇ ಹೆಜ್ಜೆಯ ಸದ್ದಿನಲ್ಲಿ. ಈ ಓಟದ ಮಾತು ಮುಂದೆ ಮತ್ತೆ ಬರುತ್ತದೆ. ಮೈ ಬೆವರಿದ ಮಾತ್ರಕ್ಕೆ ಅದು ಆಟವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ತಲೆಯೊಳಗೆ ಏನಾಗುತ್ತದೆ ನೋಡೋಣ. ಒಂದು ಲೆಕ್ಕ ಬಿಡಿಸುವಾಗ ಪ್ರಶ್ನೆಯ ಅಂಕಿಗಳು, ಸೂತ್ರ, ಅರ್ಧ ಬಿಡಿಸಿದ ಹಂತ ಇವನ್ನೆಲ್ಲ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡಬೇಕು. ಇದನ್ನು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎನ್ನುತ್ತಾರೆ. ಅದರ ಜಾಗ ಬಹಳ ಚಿಕ್ಕದು, ಚಪಾತಿ ಲಟ್ಟಿಸುವ ಮಣೆಯಷ್ಟು. ‘ನನಗೆ ಬರದಿದ್ದರೆ?’, ‘ಅಪ್ಪನಿಗೆ ಏನು ಹೇಳಲಿ?’ ಎಂಬ ಚಿಂತೆ ಆ ಮಣೆಯ ಅರ್ಧವನ್ನು ಮೊದಲೇ ಹಿಡಿದುಕೊಂಡರೆ ಲೆಕ್ಕಕ್ಕೆ ಜಾಗ ಎಲ್ಲಿ? ಮನೆಯಲ್ಲಿ ಪಟಪಟನೆ ಬಿಡಿಸಿದ ಹುಡುಗ ಪರೀಕ್ಷೆಯ ಕೊಠಡಿಯಲ್ಲಿ ಬೆಪ್ಪನಾಗಿ ಕೂರುವುದು ಓದಿದ್ದು ಮರೆತು ಅಲ್ಲ. ಓದಿದ್ದನ್ನು ಬಳಸಲು ಬೇಕಾದ ಜಾಗ ಚಿಂತೆಗೆ ಹೋಗಿರುತ್ತದೆ.

ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಸಯಾನ್ ಬೈಲಾಕ್ ಮತ್ತು ಜೆರಾರ್ಡೊ ರಮಿರೇಜ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ಕೂತು ತಮ್ಮ ಹೆದರಿಕೆಗಳನ್ನೇ ಕಾಗದದ ಮೇಲೆ ಬರೆದ ಒಂಬತ್ತನೇ ತರಗತಿಯ ಮಕ್ಕಳಲ್ಲಿ, ಯಾವಾಗಲೂ ಪರೀಕ್ಷೆಗೆ ಬೆದರುವವರು ಉತ್ತಮ ಅಂಕ ತೆಗೆದರು. ಅವರು ಆ ಹತ್ತು ನಿಮಿಷದಲ್ಲಿ ಪಾಠದ ಒಂದು ಸಾಲನ್ನೂ ಓದಿರಲಿಲ್ಲ. ಅಂದರೆ ಆ ಕೊನೆಯ ಗಳಿಗೆಯಲ್ಲಿ ಅವರಿಗೆ ಬೇಕಿದ್ದದ್ದು ಇನ್ನಷ್ಟು ಪಾಠವಲ್ಲ, ಖಾಲಿ ಜಾಗ.

ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಬಹು ಕಾಲದಿಂದ ಇದರ ಜೀವರಾಸಾಯನಿಕ ಮುಖವನ್ನು ಅಧ್ಯಯನ ಮಾಡಿದವರು. ಕೈ ಮೀರಿದ ಒತ್ತಡ ಬಂದಾಗ ಮಿದುಳಿನಲ್ಲಿ ಕೆಲವು ರಾಸಾಯನಿಕಗಳು ಉಕ್ಕಿ, ಹಣೆಯ ಹಿಂದಿರುವ ಭಾಗ ಮಂಕಾಗುತ್ತದೆ. ಯೋಚಿಸುವುದು, ಯೋಜಿಸುವುದು, ತಾಳ್ಮೆಯಿಂದ ಒಂದನ್ನು ಹಿಡಿದಿರುವುದು ಆ ಭಾಗದ ಕೆಲಸ. ಅದರ ಅಧಿಕಾರ ಹಳೆಯ, ಒರಟು ಭಾಗಗಳಿಗೆ ಹೋಗುತ್ತದೆ. ಅವಕ್ಕೆ ಗೊತ್ತಿರುವುದು ಓಡುವುದು, ಹೊಡೆಯುವುದು ಇಲ್ಲವೇ ಕಲ್ಲಾಗಿ ನಿಲ್ಲುವುದು. ಹುಲಿ ಎದುರಾದರೆ ಇದು ಒಳ್ಳೆಯ ಏರ್ಪಾಡು. ತ್ರಿಕೋನಮಿತಿ ಎದುರಾದರೆ ಅಲ್ಲ. ಒತ್ತಡವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ, ಸ್ವಲ್ಪ ಇದ್ದರೇನೇ ಪುಸ್ತಕ ತೆರೆಯುವುದು. ತಿಂಗಳುಗಟ್ಟಲೆ ಇಳಿಯದ ಒತ್ತಡವೇ ತೊಂದರೆ.

ಆಟ ಇದನ್ನು ಹೇಗೆ ಇಳಿಸುತ್ತದೆ? ಮೈ ಕುಣಿದು ರಕ್ತ ಹರಿಯಿತು, ನಿದ್ದೆ ಬಂತು ಎಂಬುದೆಲ್ಲ ಸರಿ. ಆದರೆ ಅಷ್ಟೇ ಆಗಿದ್ದರೆ ಹೆಂಗ್‌ಶುಯ್‌ನ ಓಟವೂ ಸಾಕಾಗುತ್ತಿತ್ತು. ಹೆಚ್ಚಿನದು ತಿಳಿಯಬೇಕಾದರೆ ಅಮೆರಿಕದ ಒಹಾಯೊದಲ್ಲಿ ಇಲಿಗಳೊಂದಿಗೆ ಕೆಲಸ ಮಾಡಿದ ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿಯ ಕಡೆ ಹೋಗಬೇಕು. ಎಳೆಯ ಇಲಿಗಳಿಗೆ ಕಚಗುಳಿಯಿಟ್ಟರೆ ಮನುಷ್ಯರ ಕಿವಿಗೆ ಕೇಳದಷ್ಟು ತಾರಕದಲ್ಲಿ ಅವು ಚಿಲಿಪಿಲಿಗುಟ್ಟುತ್ತವೆ ಎಂದು ತೋರಿಸಿದವರು ಅವರೇ. ಒಂದು ರೀತಿಯಲ್ಲಿ ಅದು ಇಲಿಯ ನಗು. ನಮಗೆ ಇಲ್ಲಿ ಬೇಕಾದದ್ದು ಅವರ ಬಳಗದ ಇನ್ನೊಂದು ಪ್ರಯೋಗ. ಚೆನ್ನಾಗಿ ಗುದ್ದಾಡಿ ಆಡುತ್ತಿದ್ದ ಮರಿಗಳ ಪಂಜರದೊಳಗೆ ಬೆಕ್ಕಿನ ರೋಮದ ಒಂದು ಚಿಕ್ಕ ಉಂಡೆ ಇಟ್ಟರು. ಆ ಮರಿಗಳು ಹುಟ್ಟಿದಂದಿನಿಂದ ಬೆಕ್ಕನ್ನು ಕಂಡೇ ಇರಲಿಲ್ಲ. ಆದರೂ ಆಟ ತಟ್ಟನೆ ನಿಂತಿತು. ರೋಮ ತೆಗೆದ ಮೇಲೂ ಹಲವು ದಿನ ಅವು ಮೊದಲಿನಂತೆ ಆಡಲಿಲ್ಲ.

ಭಯವೂ ಆಟವೂ ಒಂದೇ ಪಂಜರದಲ್ಲಿ ಇರಲಾರವು. ಪ್ರಾಣಿಗೆ ‘ಇಲ್ಲಿ ಈಗ ಅಪಾಯವಿಲ್ಲ’ ಎಂದು ಖಾತ್ರಿಯಾದ ಮೇಲಷ್ಟೇ ಆಟ ಶುರುವಾಗುತ್ತದೆ. ತಿರುಗಿಸಿ ನೋಡಿದರೆ, ನಿಜಕ್ಕೂ ಆಡುತ್ತಿರುವ ಮಗುವಿನ ಮೈಯಲ್ಲಿ ಆ ಹೊತ್ತಿನ ಮಟ್ಟಿಗೆ ಬೆದರಿಕೆಯ ಗಂಟೆ ಮೌನವಾಗಿದೆ ಎಂದಾಯಿತು. ಪರೀಕ್ಷೆಯ ಕಾಲದ ಆಟದ ಬೆಲೆ ಇಲ್ಲಿದೆ. ಸೋತರೂ ಏನೂ ಆಗದ ಒಂದು ಜಾಗವನ್ನು ಅದು ಮಗುವಿಗೆ ಕೊಡುತ್ತದೆ. ಹಗ್ಗಜಗ್ಗಾಟದಲ್ಲಿ ಸೋತ ತಂಡ ಮಣ್ಣಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತದೆ, ನಗುತ್ತದೆ, ಎದ್ದು ಮತ್ತೆ ಹಗ್ಗ ಹಿಡಿಯುತ್ತದೆ. ವರ್ಷವಿಡೀ ಪ್ರತಿ ತಪ್ಪಿಗೂ ಒಂದೊಂದು ಅಂಕ ತೆತ್ತ ಮಗು, ತೆರಬೇಕಿಲ್ಲದ ಸೋಲನ್ನು ಬಹಳ ದಿನದ ಮೇಲೆ ಅಲ್ಲಿ ಕಾಣುತ್ತದೆ.

ಶಾಲೆಯಲ್ಲಿ ಬೆಕ್ಕಿನ ರೋಮ ಯಾವುದು? ನನ್ನ ಉತ್ತರ ಕೆಲವು ಶಿಕ್ಷಕರಿಗೆ ಹಿಡಿಸಲಿಕ್ಕಿಲ್ಲ: ಹೆಚ್ಚಾಗಿ ಮೇಷ್ಟ್ರೇ. ಅವರು ಕೆಟ್ಟವರು ಅಂತಲ್ಲ, ಅವರ ಕೈಯಲ್ಲಿ ಕೆಂಪು ಪೆನ್ನಿದೆ ಅಂತ. ಚೀನಾದ ಹೈಸ್ಕೂಲಿನಲ್ಲಿ ‘ಬಾನ್‌ಝುರೆನ್’ ಎಂಬ ಕ್ಲಾಸ್ ಟೀಚರ್ ಇರುತ್ತಾರೆ. ನಮ್ಮ ಹಾಜರಿ ಹಾಕುವ ಕ್ಲಾಸ್ ಟೀಚರಿಗಿಂತ ಅವರ ಹೊಣೆ ಬಹಳ ಹೆಚ್ಚು. ತಮ್ಮ ವಿಷಯದ ಪಾಠದ ಜೊತೆಗೆ ಆ ತರಗತಿಯ ಮಕ್ಕಳ ಶಿಸ್ತು, ರ‍್ಯಾಂಕ್, ಪೋಷಕರ ಫೋನು, ಹಾಸ್ಟೆಲಿನ ಜಗಳ ಎಲ್ಲ ಅವರ ತಲೆಯ ಮೇಲೆ. ಎಷ್ಟೋ ಕಡೆ ಒಬ್ಬರೇ ಮೂರೂ ವರ್ಷ ಅದೇ ಮಕ್ಕಳೊಂದಿಗೆ ಮುಂದೆ ಸಾಗುತ್ತಾರೆ. ಬೆಳಗಿನ ಓದಿನ ಹೊತ್ತಿಗೆ ಬಾಗಿಲಲ್ಲಿ ಅವರೇ ನಿಂತಿರುತ್ತಾರೆ, ರಾತ್ರಿಯ ಓದು ಮುಗಿಯುವಾಗಲೂ ಕಿಟಕಿಯ ಆಚೆ ಅವರದೇ ನೆರಳು. ಆ ಮಕ್ಕಳಿಗೆ ಪರೀಕ್ಷೆಗೆ ಒಂದು ಮುಖವಿದೆ ಎಂದಾದರೆ ಅದು ಈ ವ್ಯಕ್ತಿಯ ಮುಖ.

ಆದ್ದರಿಂದಲೇ ಮಕ್ಕಳು ತಾವಾಗಿ ಆಡುವುದಕ್ಕೂ ಈ ವ್ಯಕ್ತಿ ಆಟಕ್ಕಿಳಿಯುವುದಕ್ಕೂ ವ್ಯತ್ಯಾಸವಿದೆ. ಕೊನೆಯ ವರ್ಷದ ಹುಡುಗ ತಾನೇ ಹೋಗಿ ಬ್ಯಾಸ್ಕೆಟ್‌ಬಾಲ್ ಆಡಿದರೆ ‘ಓದಬೇಕಿತ್ತಲ್ಲ’ ಎಂಬ ಅಪರಾಧ ಭಾವ ಚೆಂಡಿನ ಜೊತೆಗೇ ಪುಟಿಯುತ್ತಿರುತ್ತದೆ. ಅವನು ಆಡುತ್ತಿಲ್ಲ, ಕದಿಯುತ್ತಿದ್ದಾನೆ. ಮೇಷ್ಟ್ರು ‘ಹೋಗಿ ಆಡಿ’ ಎಂದು ಕಳಿಸಿದರೆ ಸ್ವಲ್ಪ ವಾಸಿ. ಆದರೆ ಅವರೇ ಹದ್ದಾಗಿ, ಮರಿ ಹಿಡಿಯಲಾಗದೆ ಜಾರಿಬಿದ್ದು, ಇಡೀ ತರಗತಿ ಅವರನ್ನು ನೋಡಿ ನಕ್ಕಾಗ ಬೇರೆಯೇ ಏನೋ ನಡೆಯುತ್ತದೆ. ಅಳೆಯುವವರೇ ಅಳತೆಗೋಲನ್ನು ಕೆಳಗಿಟ್ಟರು. ಅವರೂ ಸೋತರು, ಆಕಾಶವೇನೂ ಕಳಚಿ ಬೀಳಲಿಲ್ಲ. ‘ನೀನು 750ರಲ್ಲಿ ಎಷ್ಟು ತೆಗೆಯುತ್ತೀ ಎಂಬುದಕ್ಕಿಂತ ಬೇರೆಯಾಗಿಯೂ ನನಗೆ ನಿನ್ನ ಪರಿಚಯವಿದೆ’ ಎಂಬುದನ್ನು ಮಾತಿನಲ್ಲಿ ಹೇಳಿದರೆ ಹದಿನೆಂಟರ ಹುಡುಗರು ನಂಬುವುದಿಲ್ಲ. ಉಪದೇಶದ ವಾಸನೆ ಹೊಡೆಯುತ್ತದೆ. ಮಣ್ಣು ಮೆತ್ತಿದ ಪ್ಯಾಂಟು ಹೇಳಿದರೆ ನಂಬುತ್ತಾರೆ.

ಆಟವೆಂದು ಕರೆಸಿಕೊಂಡು ಆಟವಲ್ಲದ ಕೆಲವು ಸಂಗತಿಗಳೂ ಇವೆ. ಚೀನಾದ ಅನೇಕ ಶಾಲೆಗಳ ಆಪ್ತಸಲಹಾ ಕೇಂದ್ರಗಳಲ್ಲಿ ಸಿಟ್ಟು ತೀರಿಸಿಕೊಳ್ಳುವ ಕೊಠಡಿ ಎಂದೇ ಇದೆ. ಮೆತ್ತನೆಯ ಗೋಡೆ, ಗುದ್ದಲು ರಬ್ಬರಿನ ಬೊಂಬೆ, ಕೈಗೆ ಬಾಕ್ಸಿಂಗ್ ಗ್ಲೌಸು. ಪರೀಕ್ಷೆಯ ಮುಂಚಿನ ದಿನ ಪುಸ್ತಕ, ಪ್ರಶ್ನೆಪತ್ರಿಕೆಗಳನ್ನು ಹರಿದು ಮಹಡಿಯ ಮೇಲಿಂದ ಎರಚುವ ರೂಢಿಯೂ ಬಹಳ ಕಡೆ ಬೆಳೆದಿತ್ತು. ಅಂಗಳವೆಲ್ಲ ಬಿಳಿಯ ಚೂರು. ಕೆಲವು ಊರುಗಳಲ್ಲಿ ಅಧಿಕಾರಿಗಳು ಅದನ್ನು ನಿಷೇಧಿಸಿದರು. ಒಳಗಿನ ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತೇವೆ ಎಂಬುದು ನಮ್ಮೆಲ್ಲರ ನಂಬಿಕೆ. ಪ್ರಯೋಗಗಳು ಹಾಗೆ ಹೇಳುವುದಿಲ್ಲ. ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಸಿಟ್ಟು ಬರಿಸಿದವರನ್ನು ನೆನೆಯುತ್ತ ಮೂಟೆ ಗುದ್ದಿದ ಕಾಲೇಜು ವಿದ್ಯಾರ್ಥಿಗಳು, ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು. ಗುದ್ದುವಾಗ ಮನಸ್ಸು ಬಿಟ್ಟು ಹೊರಡಬೇಕಾದ ಜಾಗದಲ್ಲೇ ಗಿರಕಿ ಹೊಡೆಯುತ್ತದೆ. ಪುಸ್ತಕ ಹರಿಯುವ ಕೈಗೂ ಪುಸ್ತಕದ್ದೇ ಧ್ಯಾನ. ಬಲೂನು ತುಳಿಯುವ ಹುಡುಗಿಗೆ ಆ ಹೊತ್ತಿನಲ್ಲಿ ಗಾವೊಕಾವೊ ನೆನಪಿರುವುದಿಲ್ಲ. ತನ್ನ ಕಾಲಿನ ಬಲೂನು ಉಳಿಸಿಕೊಳ್ಳುವುದೇ ಚಿಂತೆ. ಮೇಲ್ನೋಟಕ್ಕೆ ಎರಡೂ ಗದ್ದಲವೇ. ಒಳಗೆ ತದ್ವಿರುದ್ಧ.

ಇನ್ನೊಂದು, ಅಂಕಕ್ಕಾಗಿ ಆಡುವ ಆಟ. ಯುನ್ನಾನ್ ಪ್ರಾಂತ 2019ರ ಕೊನೆಗೆ ಒಂದು ನಿರ್ಧಾರ ಪ್ರಕಟಿಸಿತು. ಒಂಬತ್ತನೇ ತರಗತಿಯ ಕೊನೆಗೆ, ಹೈಸ್ಕೂಲು ಪ್ರವೇಶಕ್ಕೆ ನಡೆಯುವ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣಕ್ಕೂ 100 ಅಂಕ, ಭಾಷೆ ಗಣಿತಗಳಿಗೆ ಸರಿಸಮ. ಉದ್ದೇಶ ಒಳ್ಳೆಯದೇ. ಮಕ್ಕಳು ಬಿಸಿಲು ಕಾಣಲಿ, ಶಾಲೆಗಳು ಆಟದ ಪೀರಿಯಡ್ಡನ್ನು ನುಂಗದಿರಲಿ ಎಂದು. ಆದರೆ ಚೀನಾದ ದೊಡ್ಡ ನಗರಗಳಲ್ಲಿ ಆಗಲೇ ಹಗ್ಗ ಜಿಗಿತಕ್ಕೂ ಟ್ಯೂಷನ್ ಇತ್ತು, ಏಕೆಂದರೆ ಪ್ರಾಥಮಿಕ ಶಾಲೆಯ ದೈಹಿಕ ಕ್ಷಮತೆಯ ಪರೀಕ್ಷೆಯಲ್ಲಿ ನಿಮಿಷಕ್ಕೆ ಎಷ್ಟು ಸಲ ಜಿಗಿದೆ ಎಂದು ಎಣಿಸುತ್ತಾರೆ. ಎಣಿಸಿದ ಕ್ಷಣದಿಂದ ಹಗ್ಗ ಇನ್ನೊಂದು ಪಠ್ಯಪುಸ್ತಕ. ವ್ಯಾಯಾಮವಾಗಿ ಅದಕ್ಕೆ ಬೆಲೆಯಿದೆ, ನಾನು ಹಳಿಯುವುದಿಲ್ಲ. ಒತ್ತಡ ಇಳಿಸುವ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಬಾರದು.

ಕೊನೆಯ ವಾರದ ಹಗ್ಗಜಗ್ಗಾಟ ಅಲ್ಲಿ ಸುದ್ದಿಯಾಗುವುದೇ ಯಾಕೆಂದರೆ, ಮಿಕ್ಕ ವಾರಗಳಲ್ಲಿ ಆಟ ಮರೆಯಾಗಿದೆ. ಇದರಲ್ಲೊಂದು ವ್ಯಂಗ್ಯವಿದೆ. ಅಮೆರಿಕದ ಹೆರಾಲ್ಡ್ ಸ್ಟೀವನ್‌ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಎಂಬ ಸಂಶೋಧಕರು ಬೀಜಿಂಗ್, ತೈಪೆ, ಜಪಾನಿನ ಸೆಂಡಾಯ್‌ನ ಪ್ರಾಥಮಿಕ ಶಾಲೆಗಳನ್ನು ತಮ್ಮ ದೇಶದ ಶಾಲೆಗಳೊಂದಿಗೆ ಹೋಲಿಸಿ 1992ರಲ್ಲಿ ಒಂದು ಪುಸ್ತಕ ಬರೆದರು. ಏಷ್ಯಾದ ಮಕ್ಕಳು ಗಣಿತದಲ್ಲಿ ಯಾಕೆ ಮುಂದೆ ಎಂಬುದು ಅವರ ಪ್ರಶ್ನೆ. ಹಗಲಿರುಳು ಓದಿಸುತ್ತಾರೆ ಎಂಬ ಉತ್ತರ ನಿರೀಕ್ಷಿಸಿದ್ದವರಿಗೆ ಅವರು ಬೇರೊಂದನ್ನೂ ತೋರಿಸಿದರು: ಅಲ್ಲಿ ಪ್ರತಿ ಪಾಠದ ನಂತರ ಮಕ್ಕಳಿಗೆ ಬಿಡುವಿತ್ತು, ಮಕ್ಕಳು ಹೊರಗೋಡಿ ಕಿರುಚಾಡಿ ಆಡಿ ಬರುತ್ತಿದ್ದರು. ಅಂಥ ಬಿಡುವಿನ ನಂತರ ಮಕ್ಕಳ ಗಮನ ಹೆಚ್ಚುತ್ತದೆ ಎಂದು ಆಂಟನಿ ಪೆಲೆಗ್ರಿನಿ ಮುಂತಾದವರು ಪ್ರಾಥಮಿಕ ಶಾಲೆಗಳಲ್ಲಿ ಮಾಡಿದ ಅಧ್ಯಯನಗಳೂ ಹೇಳಿದವು.

ಪಾಠಗಳ ನಡುವಿನ ಆ ಹತ್ತು ನಿಮಿಷದ ಬಿಡುವು ಚೀನಾದ ವೇಳಾಪಟ್ಟಿಯಲ್ಲಿ ಉಳಿಯಿತು, ಅಂಗಳದಲ್ಲಿ ಉಳಿಯಲಿಲ್ಲ. ಮಗು ಬಿದ್ದು ಹಲ್ಲು ಮುರಿದುಕೊಂಡರೆ ಪೋಷಕರು ಶಾಲೆಯ ಮೇಲೆ ಬೀಳುತ್ತಾರೆ ಎಂಬ ಹೆದರಿಕೆಯಿಂದ ಅನೇಕ ಶಾಲೆಗಳು ಮಕ್ಕಳನ್ನು ಬಿಡುವಿನಲ್ಲೂ ಕೊಠಡಿಯೊಳಗೇ ಕೂರಿಸತೊಡಗಿದವು. ಶೌಚಾಲಯಕ್ಕೆ ಹೋಗಿ ಬರಲು ಮಾತ್ರ ಅನುಮತಿ. ಮಾಯವಾದ ಆ ಹತ್ತು ನಿಮಿಷದ ಬಗ್ಗೆ 2023ರಲ್ಲಿ ಚೀನಾದ ಮಾಧ್ಯಮಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮರುವರ್ಷದ ಶಾಲಾರಂಭಕ್ಕೆ ಬೀಜಿಂಗ್ ತನ್ನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಬಿಡುವನ್ನು 15 ನಿಮಿಷಕ್ಕೆ ಏರಿಸಿತು. ಐದು ನಿಮಿಷ ಹೆಚ್ಚು ಕೊಟ್ಟಿದ್ದು ಮೆಟ್ಟಿಲಿಳಿದು ಅಂಗಳ ಮುಟ್ಟಲು, ಮತ್ತೆ ಹತ್ತಿ ಬರಲು.

ಪೋಷಕರನ್ನು ಒಪ್ಪಿಸಿದ್ದು ಮಕ್ಕಳ ಸಂತೋಷವಷ್ಟೇ ಅಲ್ಲ, ಕನ್ನಡಕ ಕೂಡ. ಗುವಾಂಗ್‌ಝೌನ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿ ಕಳೆಯಲು ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ದೋಷ ಬಂದವರು ಶೇ 30.4, ಎಂದಿನಂತೆ ಇದ್ದ ಶಾಲೆಗಳಲ್ಲಿ ಶೇ 39.5. ನಗು ಬೇಡವೆನ್ನುವ ತಂದೆತಾಯಿಯೂ ಕಣ್ಣು ಬೇಡವೆನ್ನಲಾರರು. ಮಕ್ಕಳನ್ನು ಆಡಲು ಬಿಡುವುದಕ್ಕೂ ವೈದ್ಯಕೀಯ ಕಾರಣ ಹುಡುಕಬೇಕಾಗಿ ಬಂದಿದೆ ಎಂದು ಬೇಸರಿಸುವವರು ಬೇಸರಿಸಲಿ, ಕೆಲಸವಂತೂ ಆಗುತ್ತದೆ.

ಈಗ ಆಟದ ಮಿತಿಯ ಮಾತು. ಜೂನ್ ತಿಂಗಳ ಕೆಲವೇ ದಿನಗಳ ಮೇಲೆ ಹನ್ನೆರಡು ವರ್ಷಗಳ ಓದನ್ನು ನಿಲ್ಲಿಸಿದ ವ್ಯವಸ್ಥೆಯನ್ನು ಯಾವ ಹಗ್ಗಜಗ್ಗಾಟವೂ ಅಲುಗಾಡಿಸದು. ಹಳ್ಳಿಯ ಹುಡುಗಿಗೆ ಆತಂಕ ಬರಿಯ ಮನಸ್ಸಿನ ಭ್ರಮೆಯಲ್ಲ. ಅವಳ ಲೆಕ್ಕಾಚಾರ ಸರಿಯಾಗಿಯೇ ಇದೆ. ಈ ಅಂಕ ಬರದಿದ್ದರೆ ಅವಳು ಮತ್ತೊಂದು ವರ್ಷ ಅದೇ ಪಾಠ ಓದಬೇಕು. ಹೀಗೆ ಮರಳಿ ಓದುವವರಿಂದಲೇ ಹೆಸರಾದ ಆನ್‌ಹುಯ್ ಪ್ರಾಂತದ ಮಾವೊತಾನ್‌ಚಾಂಗ್ ಎಂಬ ಸಣ್ಣ ಪಟ್ಟಣದಲ್ಲಿ, ಮಕ್ಕಳಿಗೆ ಅಡುಗೆ ಮಾಡಿ ಹಾಕಲು ಕೊಠಡಿ ಬಾಡಿಗೆ ಹಿಡಿದು ಬಂದಿರುವ ತಾಯಂದಿರೇ ಸಾವಿರಾರು. ಅಂಥ ಮಗುವಿಗೆ ‘ನಿರಾಳವಾಗಿ ಆಡು, ಎಲ್ಲ ಸರಿಹೋಗುತ್ತದೆ’ ಎನ್ನುವುದು ಹೊಣೆಗೇಡಿತನ. ಆಟವನ್ನು ಮದ್ದೆಂದು ಮಾರುವ ಶಾಲೆಗಳ ಬಗ್ಗೆ ನನಗಿರುವ ಗುಮಾನಿ ಇದೇ: ಹನ್ನೊಂದೂವರೆ ತಿಂಗಳು ಹಿಂಡಿ, ಕೊನೆಗೆ ಒಂದು ಮಧ್ಯಾಹ್ನ ಬಲೂನು ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭ.

ಪಣವನ್ನೇ ಇಳಿಸುವ ದಾರಿಗಳೂ ಇಲ್ಲದಿಲ್ಲ. ಚೀನಾ 2014ರಲ್ಲಿ ಷಾಂಘೈ ಮತ್ತು ಝೆಜಿಯಾಂಗ್‌ಗಳಲ್ಲಿ ಆರಂಭಿಸಿದ ಸುಧಾರಣೆಯಲ್ಲಿ ವಿದೇಶಿ ಭಾಷೆಯ ಪರೀಕ್ಷೆಯನ್ನು ಎರಡು ಸಲ ಬರೆದು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದು. ಕರ್ನಾಟಕ ಇನ್ನೂ ಮುಂದೆ ಹೋಗಿದೆ ಎನ್ನಬೇಕು. 2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ–1, 2, 3 ಎಂದು ವರ್ಷಕ್ಕೆ ಮೂರು ಅವಕಾಶ ಕೊಟ್ಟಿತು. ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಮೌಲ್ಯಮಾಪನದ ಹೊರೆ ಹೆಚ್ಚಿತು ಎಂಬ ಶಿಕ್ಷಕರ ದೂರಿನಲ್ಲಿ ಹುರುಳಿದೆ. ಆದರೂ ‘ಇದೊಂದೇ ಸಲ’ ಎಂಬ ಕತ್ತಿಯನ್ನು ಮಗುವಿನ ನೆತ್ತಿಯಿಂದ ಸರಿಸಿದ ಕ್ರಮ ಅದು, ಮತ್ತು ಅದರ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕೆಲಸ ಇನ್ನೂ ಸರಿಯಾಗಿ ನಡೆದಿಲ್ಲ ಎಂದು ನನ್ನ ಅನಿಸಿಕೆ.

ಆಟದ ವಿಷಯದಲ್ಲಿ ನಾವು ಬೀಗುವಂತಿಲ್ಲ. ಹತ್ತನೇ ತರಗತಿಯ ಗೇಮ್ಸ್ ಪೀರಿಯಡ್ಡು ವೇಳಾಪಟ್ಟಿಯಲ್ಲಿರುತ್ತದೆ, ನವೆಂಬರ್ ಕಳೆದ ಮೇಲೆ ಅದು ಗಣಿತಕ್ಕೋ ವಿಜ್ಞಾನಕ್ಕೋ ಸೇರುತ್ತದೆ. ಪಿ.ಟಿ. ಮೇಷ್ಟ್ರಿಗೆ ಆಗ ಶಿಸ್ತಿನ ಕೆಲಸ, ಇಲ್ಲವೇ ಕಚೇರಿಯ ಕಾಗದ ಪತ್ರ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ ಒಂದರ ಹಿಂದೊಂದು. ಜಿಲ್ಲೆಯ ಫಲಿತಾಂಶ ಕುಸಿದರೆ ಮೇಲಿನವರು ಶಾಲೆಯನ್ನು ಕೇಳುತ್ತಾರೆ, ಶಾಲೆ ಮೇಷ್ಟ್ರನ್ನು ಕೇಳುತ್ತದೆ. ಮೇಷ್ಟ್ರು ಯಾರ ಮೇಲೆ ಹಾಕಬೇಕು? ಒತ್ತಡದಲ್ಲಿರುವ ಶಿಕ್ಷಕ ಮಕ್ಕಳ ಒತ್ತಡ ಇಳಿಸಲಾರ. ಮೈದಾನಕ್ಕೆ ಇಳಿದ ಮೇಷ್ಟ್ರನ್ನು ಸಮಯ ಹಾಳು ಮಾಡಿದಿರೆಂದು ನೋಟಿಸು ಕೊಟ್ಟು ಕೇಳದ ಮುಖ್ಯೋಪಾಧ್ಯಾಯರೂ ಈ ಕಥೆಯಲ್ಲಿ ಬೇಕು.

ಇಷ್ಟಕ್ಕೂ ಬೇಕಾಗುವ ಸರಂಜಾಮು ದೊಡ್ಡದಲ್ಲ. ನಮ್ಮ ಕೆರೆ–ದಡಕ್ಕೆ ನೆಲದ ಮೇಲೆ ಒಂದು ಗೆರೆ ಸಾಕು. ಲಗೋರಿಗೆ ಏಳು ಕಲ್ಲು, ಒಂದು ಚೆಂಡು. ಮೇಷ್ಟ್ರು ‘ಕೆರೆ’ ಎಂದಾಗ ದಡಕ್ಕೆ ಹಾರುವ ಮುಖ್ಯ ಶಿಕ್ಷಕಿಯನ್ನು ನೋಡಿ ನಗದ ಮಕ್ಕಳು ಇರಲಿಕ್ಕಿಲ್ಲ. ಬೆಳಗ್ಗೆಯ ಎರಡು ಪಾಠಗಳ ನಂತರ ಹದಿನೈದು ನಿಮಿಷ, ವಾರದ ಎಲ್ಲ ದಿನ. ಕೊನೆಯ ವಾರದ ಒಂದು ಉತ್ಸವಕ್ಕಿಂತ ಈ ದಿನದ ಹದಿನೈದು ನಿಮಿಷವೇ ಮೇಲು, ಏಕೆಂದರೆ ಬೆಕ್ಕಿನ ರೋಮ ತೆಗೆದ ಮರುಗಳಿಗೆಯೇ ಇಲಿಮರಿಗಳು ಆಡಲು ಶುರುಮಾಡಲಿಲ್ಲ. ಗೆದ್ದವರಿಗೆ ಬಹುಮಾನ ಬೇಡ, ಸೋತವರಿಗೆ ಬಸ್ಕಿ ಬೇಡ, ಯಾರು ಎಷ್ಟು ಸಲ ಔಟಾದರು ಎಂದು ಬರೆದಿಡುವುದೂ ಬೇಡ. ಆಟ ಮುಗಿದ ಕೂಡಲೇ ‘ಈಗ ಚೆನ್ನಾಗಿ ಓದಬೇಕು, ಆಯ್ತಾ?’ ಎನ್ನುವ ಆಸೆ ಬರುತ್ತದೆ. ಆ ಒಂದು ಮಾತಿಗೆ ಇಡೀ ಹದಿನೈದು ನಿಮಿಷವನ್ನು ಲಂಚವಾಗಿಸುವ ಶಕ್ತಿಯಿದೆ.

ಆಡಲು ಬಾರದ ಮಕ್ಕಳು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ. ಒಬ್ಬಳಿಗೆ ಓಡಿದರೆ ಉಬ್ಬಸ, ಒಬ್ಬನಿಗೆ ಗದ್ದಲ ಸೇರದು, ಇನ್ನೊಬ್ಬನಿಗೆ ಆ ದಿನ ಮನೆಯಲ್ಲಿ ಏನೋ ನಡೆದಿರುತ್ತದೆ. ಕೈ ಹಿಡಿದು ಎಳೆದು ತಂದು ನಿಲ್ಲಿಸಿದರೆ ಅವರಿಗೆ ಅದು ಇನ್ನೊಂದು ಪರೀಕ್ಷೆ. ಅಂಥವರು ಮರದ ಕೆಳಗೆ ಕೂತು ಚುಕ್ಕಿ ಗೆರೆ ಆಡಲಿ, ಚಿತ್ರ ಬರೆಯಲಿ, ಏನೂ ಮಾಡದೆ ನೋಡುತ್ತಲೂ ಇರಲಿ. ಆದರೆ ವಾರಗಟ್ಟಲೆ ಹೀಗೇ ಪಕ್ಕದಲ್ಲಿ ಉಳಿದು, ಊಟ ನಿದ್ದೆ ಬಿಟ್ಟು, ಮಾತೂ ಕಡಿಮೆಯಾದ ಮಗುವಿಗೆ ಆಟ ಸಾಲದು. ಆಗ ಮೇಷ್ಟ್ರು ಮನೆಯವರೊಡನೆ ಕೂತು ಮಾತಾಡಿ ವೈದ್ಯರ ಬಳಿಗೋ ಆಪ್ತಸಲಹೆಗಾರರ ಬಳಿಗೋ ಕಳಿಸಬೇಕು. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಲು ಟೆಲಿಮನಸ್ ಸಹಾಯವಾಣಿ 14416 ಇದೆ. ಆ ಸಂಖ್ಯೆಯನ್ನು ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಹಚ್ಚಿದರೆ, ಕೇಳಲು ನಾಚುವ ಮಕ್ಕಳೂ ನೋಡಿಕೊಳ್ಳುತ್ತಾರೆ.